ಒಲೆ ಮುಂದಿನ ಬಾಯಿ, ಕಾರ್ಡಿನ ಹೆಸರು

ಚಳ್ಳಕೆರೆ ಹತ್ತಿರ, ರಸ್ತೆ ಪಕ್ಕದ ಖಾಲಿ ಜಾಗದಲ್ಲಿ ಅಲೆಮಾರಿ ಸುಡುಗಾಡು ಸಿದ್ಧರ 14 ಗುಡಾರಗಳಿವೆ. ಮೊದಲ ಸಲ ಹಗಲಲ್ಲಿ ಹೋಗಿ ‘ರೇಷನ್ ಕಾರ್ಡ್ ಇದೆಯಾ?’ ಎಂದು ಕೇಳಿದೆ. ‘ಐತೆ ಸಾರ್’ ಅಂದರು. ಖುಷಿಯಿಂದ ವಾಪಸ್ ಬಂದೆ. ಅದೇ ನಾನು ಮಾಡಿದ ದೊಡ್ಡ ತಪ್ಪು.

ಎರಡನೇ ಸಲ ಬೈಕ್ ಪಂಕ್ಚರ್ ಆಗಿ ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಒಂದು ಒಲೆ ಸುತ್ತ ಏಳು ಜನ ಕೂತಿದ್ದರು. ಅವರ ಕಾರ್ಡ್ ಇಸ್ಕೊಂಡು ನೋಡಿದರೆ ನಾಲ್ಕೇ ಹೆಸರು! ಆಮೇಲೆ ಬರೀ ಊಟದ ಹೊತ್ತಿಗೇ ಹೋಗತೊಡಗಿದೆ. ಹಗಲಲ್ಲಿ ಎಲ್ಲರೂ ಕೂದಲು ಕೊಳ್ಳೋಕೆ, ಭಿಕ್ಷೆಗೆ ಊರೂರು ಸುತ್ತುತ್ತಾರೆ, ಸಿಗೋದಿಲ್ಲ. ನಾಲ್ಕು ಸಂಜೆ ಕೂತು ಎಣಿಸಿದೆ. ಬಾಯಿ 61, ಹೆಸರು 43.

2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಬಿಪಿಎಲ್ ಕಾರ್ಡಿನಲ್ಲಿ ತಲೆಗೆ ತಿಂಗಳಿಗೆ 5 ಕೆಜಿ. ಅಂತ್ಯೋದಯ ಕಾರ್ಡಿಗಾದರೆ ಮನೆಗೆ 35 ಕೆಜಿ, ಅಲ್ಲಿ ತಲೆ ಎಣಿಸೋದಿಲ್ಲ. ಇಲ್ಲಿ ಅಂತ್ಯೋದಯ ಯಾರಿಗೂ ಇರಲಿಲ್ಲ. 18 ಹೆಸರು ಇಲ್ಲ ಅಂದರೆ ತಿಂಗಳಿಗೆ 90 ಕೆಜಿ ಹೋಯಿತು. ರಾಜ್ಯ ಸರ್ಕಾರದ್ದು ಬೇರೆ.

ಬಿಟ್ಟುಹೋದವರಲ್ಲಿ ಮಕ್ಕಳೇ ಜಾಸ್ತಿ. ಗುಡಾರದಲ್ಲೇ ಹುಟ್ಟಿದವು, ಜನನ ಪತ್ರ ಇಲ್ಲ. ಅದಿಲ್ಲದೆ ಆಧಾರ್ ಇಲ್ಲ, ಆಧಾರ್ ಇಲ್ಲದೆ ಕಾರ್ಡಿಗೆ ಸೇರಿಸಲ್ಲ. ಕೈ ಹಿಡಿದದ್ದು ಅಂಗನವಾಡಿ ಟೀಚರ್. ಅವರ ಪುಸ್ತಕ, ತಾಯಿ ಕಾರ್ಡ್ ಇಟ್ಟುಕೊಂಡು ಜನನ ಪತ್ರಕ್ಕೆ ಅರ್ಜಿ ಹಾಕಿದೆವು. ಕಾರ್ಡ್ ತಿದ್ದುಪಡಿಗೆ ಪೋರ್ಟಲ್ ಯಾವಾಗ ತೆರೆಯುತ್ತೋ ದೇವರಿಗೇ ಗೊತ್ತು. ತೆರೆದ ದಿನ ಸರ್ವರ್ ಇರೋದಿಲ್ಲ. ಐದು ತಿಂಗಳಲ್ಲಿ ಒಂಬತ್ತು ಮಕ್ಕಳು ಸೇರಿದವು.

ಒಬ್ಬ ಅಜ್ಜಿಯ ಹೆಬ್ಬೆಟ್ಟು ಮಷಿನ್‌ಗೆ ಹತ್ತುತ್ತಿರಲಿಲ್ಲ. ಸೊಸೈಟಿಯವರು ಮೂರು ತಿಂಗಳು ವಾಪಸ್ ಕಳಿಸಿದ್ದರು. ಆಧಾರ್ ತಾಳೆಯಾಗಲಿಲ್ಲ ಅಂತ ಅಕ್ಕಿ ನಿಲ್ಲಿಸಬಾರದು ಎಂದು ಕೇಂದ್ರ 2017ರಲ್ಲೇ ಹೇಳಿದೆ. ‘ಕೊಡಲ್ಲ ಅಂತ ಬರೆದುಕೊಡಿ, ರೇಷನ್ ಸಹಾಯವಾಣಿ 1967ಕ್ಕೆ ಫೋನ್ ಮಾಡ್ತೀನಿ’ ಅಂದೆ. ಬರೆದುಕೊಡಲಿಲ್ಲ, ಮೊಮ್ಮಗನ ಮೊಬೈಲ್‌ಗೆ ಒಟಿಪಿ ತರಿಸಿ ಅಕ್ಕಿ ಕೊಟ್ಟರು. ನಾನು ಜಗಳಗಂಟ ಅಲ್ಲ, ಆದರೆ ‘ಬರೆದುಕೊಡಿ’ ಅನ್ನೋ ಮಾತು ಬಹಳ ಕಡೆ ಕೆಲಸ ಮಾಡುತ್ತೆ.

ಸೊಸೆಯಂದಿರದ್ದೇ ಕಷ್ಟ. ತವರಿನ ಕಾರ್ಡಿನಿಂದ ಹೆಸರು ತೆಗೆಸಿದರೆ ಮಾತ್ರ ಇಲ್ಲಿ ಸೇರುತ್ತೆ. ಎಲ್ಲ ಕಾಗದ ಸಿದ್ಧ ಮಾಡಿಕೊಂಡು ಹೋದಾಗ ಒಬ್ಬಳು ಕೇಳಿದಳು: ‘ಅಣ್ಣಾ, ಅಲ್ಲಿ ನನ್ನ ಹೆಸರು ಹೊಡೆದರೆ ಅವ್ವಂಗೆ ಅಕ್ಕಿ ಕಮ್ಮಿ ಆಗಲ್ವಾ?’

ಅವಳ ಅರ್ಜಿ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ.