ಬಿಚ್ಚಿದ ವಾಯರಿನಲ್ಲಿ 1.7 ಮಿಲಿ ಆಂಪ್

ಗೋವಾದಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ 61 ದಿನ ಮುಗಿದ ಕೂಡಲೇ ಮೀನಿನ ಕೋಲ್ಡ್ ಸ್ಟೋರೇಜ್‌ಗಳಿಗೆ ಉಸಿರಾಡಲೂ ಬಿಡುವಿಲ್ಲ. ಅಂಥ ಒಂದು ಆಗಸ್ಟಿನಲ್ಲಿ, ಅಮೋನಿಯಾ ಗ್ಯಾಸಿನಿಂದ ತಂಪು ಮಾಡುವ ಕುಂಕಳ್ಳಿ ಕಡೆಯ ಒಂದು ಸ್ಟೋರೇಜ್‌ನಿಂದ ಫೋನ್ ಬಂತು. "ಅಮೋನಿಯಾ ಸೆನ್ಸರ್ ಮಧ್ಯಾಹ್ನ ಆದ್ರೆ ಮೈನಸ್ ತೋರಿಸ್ತೈತಿ, ಬಂದು ನೋಡ್ರಿ."

ನಾನು ಹುಬ್ಬಳ್ಳಿಯವನು. ವಾಸ್ಕೋದಲ್ಲಿದ್ದುಕೊಂಡು ಇನ್‌ಸ್ಟ್ರುಮೆಂಟ್ ಕೆಲಸ ಮಾಡುತ್ತೇನೆ. ಜೊತೆಗೆ ಬಾಗಲಕೋಟೆಯ ಒಬ್ಬ ಹುಡುಗ ಇದ್ದಾನೆ. ಇಬ್ಬರೂ ಹೋದೆವು. ಮೊದಲು ಕೈಯಲ್ಲಿ ಹಿಡಿಯುವ ಡಿಟೆಕ್ಟರ್ ತೆಗೆದುಕೊಂಡು ಇಡೀ ಲಾಬಿ ಸುತ್ತಿದೆ. ಸೊನ್ನೆ. ಇದನ್ನು ಮಾಡದೆ "ರೀಡಿಂಗ್ ತಪ್ಪು" ಎಂದು ನಾನು ಎಂದೂ ಹೇಳುವುದಿಲ್ಲ. ಗ್ಯಾಸ್ ನಿಜವಾಗಿಯೂ ಇರಬಹುದು ಅಲ್ವಾ?

ಸೆನ್ಸರಿನ ಸಿಗ್ನಲ್ ಓದಿ ಅಲಾರಂ ನಡೆಸುವ ಕಂಪ್ಯೂಟರ್, ಅಂದರೆ ಪಿಎಲ್‌ಸಿಯ ಪ್ರೋಗ್ರಾಮ್ ತೆರೆದಾಗ ಹೊಟ್ಟೆಯಲ್ಲಿ ಕಸಿವಿಸಿಯಾಯಿತು. ಹಿಂದೆ ಯಾರೋ ಆ ಸೆನ್ಸರಿನ ಲೆಕ್ಕದಲ್ಲಿ 10 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 10 ಪಾಲು ಗ್ಯಾಸ್) ಕಳೆದಿದ್ದರು. ಮಳೆ ಶುರುವಾದಾಗ ರೀಡಿಂಗ್ ಸುಮ್ನೆ 10ರ ಸುತ್ತ ನಿಂತಿತ್ತಂತೆ. ಅದನ್ನು ಸೊನ್ನೆಗೆ ತರಲು ಹೀಗೆ ಮಾಡಿದ್ದರು. ಅಲ್ಲಿ ಅಲಾರಂ ಇದ್ದದ್ದು 25ಕ್ಕೆ. ದಿನದ 8 ಗಂಟೆ ಕೆಲಸಕ್ಕೆ ಅಮೋನಿಯಾದ ಮಿತಿಯೂ 25 ಪಿಪಿಎಂ. 35 ಆದರೆ 15 ನಿಮಿಷಕ್ಕಿಂತ ಜಾಸ್ತಿ ಅಲ್ಲಿ ಇರಬಾರದು. ಒಣ ದಿನದಲ್ಲಿ ನಿಜವಾಗಿ ಸೋರಿದ್ದರೆ 35 ಮುಟ್ಟಿದ ಮೇಲೆಯೇ ಅಲಾರಂ ಹೊಡೆಯುತ್ತಿತ್ತು. ಒಳಗೆ ಮೀನು ಜೋಡಿಸುವ ಹೆಂಗಸರಲ್ಲಿ ಅರ್ಧದಷ್ಟು ನಮ್ಮ ಕಡೆಯವರೇ. ಹಾಗೆ 10 ಕಳೆಯುವ ಆ ಆಫ್‌ಸೆಟ್ ಮೊದಲು ತೆಗೆದೆ, ಶಿಫ್ಟ್ ಇಂಚಾರ್ಜ್‌ಗೆ ತೋರಿಸಿ ಲಾಗ್‌ಬುಕ್ಕಿನಲ್ಲಿ ಬರೆಸಿದೆ.

ಈಗ ಪಿಎಲ್‌ಸಿಯ ಪರದೆ ಮೇಲೆ 11 ಪಿಪಿಎಂ. ಆ ಸೆನ್ಸರ್ ಇರುವ ಡಿಟೆಕ್ಟರಿನ ಸ್ವಂತ ಡಿಸ್‌ಪ್ಲೇಯಲ್ಲಿ 0. ಅಂದರೆ ತಪ್ಪು ನಡುವೆ ಎಲ್ಲೋ ಇದೆ. ಈ ಡಿಟೆಕ್ಟರ್ 0ಯಿಂದ 100 ಪಿಪಿಎಂನದು, 0ಗೆ 4, 100ಕ್ಕೆ 20 ಮಿಲಿ ಆಂಪ್ ಕರೆಂಟ್ ಕೊಡುತ್ತದೆ. ಒಂದು ಮಿಲಿ ಆಂಪ್‌ಗೆ 6.25 ಪಿಪಿಎಂ. ಪ್ಯಾನಲ್ಲಿನಲ್ಲಿ ಸಿಗ್ನಲ್ ವಾಯರ್ ಬಿಚ್ಚಿ ಮೀಟರನ್ನು ಸೀರೀಸ್‌ನಲ್ಲಿ ಹಾಕಿದೆ. 5.7 ಬಂತು, ಅಂದರೆ ಅದೇ 11 ಪಿಪಿಎಂ ಹತ್ತಿರ. ಬೇಕಾದಷ್ಟೇ ಕರೆಂಟ್ ಕೊಡುವ ಕ್ಯಾಲಿಬ್ರೇಟರಿನಿಂದ, ಸಿಗ್ನಲ್ ಓದುವ ಪಿಎಲ್‌ಸಿ ಕಾರ್ಡಿಗೆ 4, 12, 20 ಮಿಲಿ ಆಂಪ್ ಕೊಟ್ಟು ನೋಡಿದೆ. ಕಾರ್ಡಿನ ಎಣಿಕೆಯಲ್ಲಿ ಅವಕ್ಕೆ ಬರಬೇಕಾದ 0, 13824, 27648 ಸರಿಯಾಗಿ ಬಂದವು. ಕಾರ್ಡ್ ತನಗೆ ಬಂದದ್ದನ್ನೇ ಹೇಳುತ್ತಿತ್ತು.

ಹುಡುಗ ಡಿಟೆಕ್ಟರ್ ಹತ್ತಿರ ಸಿಗ್ನಲ್ ವಾಯರ್ ಬಿಚ್ಚಿ, ಅಲ್ಲಿನ ಟರ್ಮಿನಲ್ಲಿನಲ್ಲೇ ಅಳೆದ. ಸರಿಯಾಗಿ 4.0. ನಾನು ಪ್ಯಾನಲ್ ಮುಂದೆ ನನ್ನ ಮೀಟರ್ ನೋಡಿದೆ. ಆ ತುದಿ ಯಾವುದಕ್ಕೂ ಸೇರಿಲ್ಲ, ಇಲ್ಲಿ ಸೊನ್ನೆ ಇರಬೇಕು. ಆದರೆ 1.7 ಇತ್ತು. ಫೋನಿನಲ್ಲಿ ಹೇಳಿದೆ.

"ಅಣ್ಣಾ, ವಾಯರ್ ಬಿಚ್ಚಿ ಕೈಯಾಗ ಹಿಡ್ಕೊಂಡೀನಿ. ಇನ್ನೂ ಕರೆಂಟ್ ಬರಾಕತ್ತೈತೇನು?"

"ಬರಾಕತ್ತೈತಿ. ನಡುವೆ ಎಲ್ಲೋ ಸೇರ್ಕೊಳ್ಳಾಕತ್ತೈತಿ. ಕೇಬಲ್ ಹಿಡ್ಕೊಂಡು ಬಾ."

ಅದು ಮೂರು ವಾಯರಿನ ಡಿಟೆಕ್ಟರ್. 24 ವೋಲ್ಟ್, ಸೊನ್ನೆ ವೋಲ್ಟ್, ಸಿಗ್ನಲ್ ಮೂರೂ ಒಂದೇ ಕೇಬಲ್ಲಿನಲ್ಲಿ ಬರುತ್ತವೆ, ಒಂದೇ ಜಂಕ್ಷನ್ ಬಾಕ್ಸಿನಲ್ಲಿ ಅಕ್ಕಪಕ್ಕ ಕೂರುತ್ತವೆ. ತಣ್ಣನೆ ಕೋಣೆಯ ಹೊರಗೋಡೆ ಮೇಲೆ ಆ ಬಾಕ್ಸ್ ಸಿಕ್ಕಿತು. ಕೇಬಲ್ ಮೇಲಿನಿಂದ ಒಳಗೆ ಹೋಗಿತ್ತು, ಆ ತೂತನ್ನು ಬಿಗಿ ಮಾಡುವ ಗ್ಲ್ಯಾಂಡಿನ ರಬ್ಬರ್ ಇರಲಿಲ್ಲ. ಮುಚ್ಚಳ ತೆಗೆದರೆ ಒಳಗೆಲ್ಲ ಬೆವರು. ಹಿತ್ತಾಳೆ ಟರ್ಮಿನಲ್‌ಗಳ ಮೇಲೆ ನೀಲಿ ಹಸಿರು ಪುಡಿ. ಬಾಗಿಲು ತೆರೆದಾಗಲೆಲ್ಲ ಮಳೆಗಾಲದ ಹಸಿ ಗಾಳಿ ಕೇಬಲ್ ಹಾಯುವ ಪೈಪಿನಲ್ಲಿ (ಕಾಂಡ್ಯೂಟ್) ಸಾಗಿ ತಣ್ಣನೆ ಜಾಗದಲ್ಲಿ ನೀರಾಗುತ್ತಿತ್ತು. ಪವರ್ ತೆಗೆದು, ಎರಡೂ ಬದಿಯ ವಾಯರ್ ಬಿಡಿಸಿ, 24 ವೋಲ್ಟ್ ಟರ್ಮಿನಲ್ಲಿಗೂ ಸಿಗ್ನಲ್ ಟರ್ಮಿನಲ್ಲಿಗೂ ನಡುವೆ ಅಳೆದೆ. ಮೀಟರ್ ಒಂದೇ ಕಡೆ ನಿಲ್ಲಲಿಲ್ಲ, 14 ಕಿಲೋ ಓಮ್ ಆಸುಪಾಸು ತೂಗಾಡಿತು. 24 ವೋಲ್ಟನ್ನು ಅದರಿಂದ ಭಾಗಿಸಿ, ಅದೇ 1.7. ಮಧ್ಯಾಹ್ನ ಸ್ವಲ್ಪ ಒಣಗಿದಾಗ ಈ ಕರೆಂಟ್ ಸೋರಿಕೆ ಕಡಿಮೆಯಾಗುತ್ತಿತ್ತು, ಅದರ ಮೇಲೆ 10 ಕಳೆದರೆ ಮೈನಸ್.

ಹೊಸ ಟರ್ಮಿನಲ್ ಪಟ್ಟಿ ಹಾಕಿದೆವು. ಕೇಬಲನ್ನು ಕೆಳಗಿನಿಂದ ತಂದೆವು, ನೀರು ತೊಟ್ಟಿಕ್ಕಿ ಬೀಳಲು ಗ್ಲ್ಯಾಂಡಿನ ಮುಂಚೆ ಒಂದು ಬಾಗು ಬಿಟ್ಟೆವು, ಕಾಂಡ್ಯೂಟ್ ಬಾಯಿ ಸೀಲ್ ಮಾಡಿದೆವು. ಆಮೇಲೆ ಕೇಬಲ್ಲಿಗೆ ಇನ್ಸುಲೇಶನ್ ಪರೀಕ್ಷಿಸುವ ಮೆಗ್ಗರ್ ಹಚ್ಚಿದೆವು. ಇಲ್ಲಿ ಒಂದು ಮಾತು: ನಮ್ಮ ಮೆಗ್ಗರ್ 500 ವೋಲ್ಟ್ ಕೊಡುತ್ತದೆ. ಡಿಟೆಕ್ಟರ್ ಮತ್ತು ಕಾರ್ಡ್, ಎರಡೂ ತುದಿ ಬಿಚ್ಚದೆ ಹಚ್ಚಿದರೆ ಎರಡೂ ಸುಟ್ಟುಹೋಗಬಹುದು.

ಕೊನೆಗೆ 50 ಪಿಪಿಎಂ ಗ್ಯಾಸ್ ಸಿಲಿಂಡರಿನಿಂದ ಡಿಟೆಕ್ಟರಿಗೆ ಗ್ಯಾಸ್ ಬಿಟ್ಟೆ. 12 ಮಿಲಿ ಆಂಪ್ ಬರಬೇಕಿತ್ತು. ಮೀಟರಿನಲ್ಲಿ 11.7, ಪರದೆ ಮೇಲೆ 48. ಡಿಟೆಕ್ಟರಿನ ಡಿಸ್‌ಪ್ಲೇಯಲ್ಲೂ 48. ಮರುದಿನ ಬೆಳಗಿನ ಜೋರು ಮಳೆಯಲ್ಲಿ ಹುಡುಗ ಪರದೆಯ ಫೋಟೋ ಕಳಿಸಿದ: 0. ಅದೇ ಗೋಡೆಯ ಇನ್ನೆರಡು ಬಾಕ್ಸ್‌ಗಳ ಮುಚ್ಚಳವನ್ನೂ ಅವನೇ ತೆಗೆದು ನೋಡಿದ್ದ. ಒಂದರಲ್ಲಿ ಆಗಲೇ ಹಸಿರು ಹಿಡಿಯತೊಡಗಿತ್ತು.