ಟ್ರಾನ್ಸಿಟಿವ್ ಕ್ಲೋಷರ್ ಮೊದಲು ಮಾಡಿ ಕೆಟ್ಟೆ

ಒಬ್ಬರದ್ದೇ ವಿವರ ಎರಡು-ಮೂರು ಸಲ ಸೇರಿಹೋಗಿದ್ದ ಒಂದು ಪಟ್ಟಿಯನ್ನು ಚೊಕ್ಕ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕೈಯಲ್ಲಿದ್ದದ್ದು ಬರೀ ಜೋಡಿಗಳು. '1 ಮತ್ತು 2 ಒಂದೇ', '3 ಮತ್ತು 2 ಒಂದೇ', ಹೀಗೆ. ಇಂಥ ಜೋಡಿಗಳ ಗುಂಪಿಗೆ ರಿಲೇಷನ್ ಅನ್ನುತ್ತಾರೆ. ಇದನ್ನು ಈಕ್ವಿವಲೆನ್ಸ್ ರಿಲೇಷನ್ ಮಾಡಬೇಕು, ಅಂದರೆ ಮೂರು ಗುಣ ಬರಬೇಕು: ಪ್ರತಿಯೊಂದೂ ತನಗೆ ತಾನೇ ಜೋಡಿ (ರಿಫ್ಲೆಕ್ಸಿವ್); (a,b) ಇದ್ದರೆ (b,a)ಯೂ ಇರಬೇಕು (ಸಿಮ್ಮೆಟ್ರಿಕ್); (a,b), (b,c) ಇದ್ದರೆ (a,c)ಯೂ ಇರಬೇಕು (ಟ್ರಾನ್ಸಿಟಿವ್). ಗುಣಕ್ಕೊಂದರಂತೆ ಮೂರು ಕ್ಲೋಷರ್ ಹಾಕಿದರೆ ಆಯ್ತು ಅಂದುಕೊಂಡೆ. ಕ್ಲೋಷರ್ ಅಂದರೆ ಇರುವ ಜೋಡಿಗಳನ್ನು ಮುಟ್ಟದೆ, ಬೇಕಾದ ಗುಣ ಬರಲು ಎಷ್ಟು ಬೇಕೋ ಅಷ್ಟೇ ಹೊಸ ಜೋಡಿ ಸೇರಿಸುವುದು. ಒಂದೂ ಜಾಸ್ತಿ ಇರಬಾರದು.

ಟ್ರಾನ್ಸಿಟಿವ್ ತಾನೇ ಕಷ್ಟದ್ದು? ಅದನ್ನು ಮೊದಲು ಮುಗಿಸಿದೆ. ಆಮೇಲೆ ಪ್ರತಿ ಜೋಡಿಯನ್ನೂ ತಿರುಗಿಸಿ ಸೇರಿಸಿದೆ. ನೋಡಿದರೆ 1 ಮತ್ತು 3 ಬೇರೆ ಬೇರೆ ಅಂತ ಬಂತು!

ಕಾಗದದ ಮೇಲೆ ಬರೆದಾಗಲೇ ಗೊತ್ತಾದದ್ದು. (1,2), (3,2) ಎರಡೂ 2ರಲ್ಲೇ ಮುಗಿಯುತ್ತವೆ. ಒಂದು ಮುಗಿದಲ್ಲಿ ಇನ್ನೊಂದು ಶುರುವಾಗದಿದ್ದರೆ ಟ್ರಾನ್ಸಿಟಿವ್ ಕ್ಲೋಷರ್‌ಗೆ ಸೇರಿಸಲು ಏನೂ ಇಲ್ಲ. (2,3) ಬಂದದ್ದು ಆಮೇಲೆ, ಸಿಮ್ಮೆಟ್ರಿಕ್ ಮಾಡಿದಾಗ. ಅಷ್ಟೊತ್ತಿಗೆ (1,3) ಸೇರಿಸುವವರೇ ಇರಲಿಲ್ಲ. ಕ್ರಮ ತಿರುಗಿಸಿ ಸಿಮ್ಮೆಟ್ರಿಕ್ ಮೊದಲು, ಟ್ರಾನ್ಸಿಟಿವ್ ಆಮೇಲೆ ಮಾಡಿದೆ, ಸರಿಹೋಯಿತು. ಹೀಗೆ ಮಾಡಿದರೆ ಸಿಮ್ಮೆಟ್ರಿ ಕೆಡುವುದಿಲ್ವಾ? ಇಲ್ಲ. ಹೋಗುವ ಪ್ರತಿ ಹೆಜ್ಜೆಗೂ ವಾಪಸ್ ಹೆಜ್ಜೆ ಮೊದಲೇ ಇದೆ, ಅದೇ ದಾರಿಯಲ್ಲಿ ಹಿಂದಕ್ಕೆ ಬರಬಹುದು.

ಇನ್ನೊಂದು ಎಡವಟ್ಟು ಲೂಪ್‌ನಲ್ಲಿತ್ತು, ಅಂದರೆ ಪ್ರೋಗ್ರಾಂನಲ್ಲಿ ಮತ್ತೆ ಮತ್ತೆ ಓಡುವ ಭಾಗದಲ್ಲಿ. ಟ್ರಾನ್ಸಿಟಿವ್ ಕ್ಲೋಷರ್‌ಗೆ ಕಂಪ್ಯೂಟರ್ ವಿಜ್ಞಾನಿ ವಾರ್ಶಲ್ 1962ರಲ್ಲಿ ಕೊಟ್ಟ ವಿಧಾನದಲ್ಲಿ ಒಂದರೊಳಗೊಂದು ಮೂರು ಲೂಪ್. i ಇಂದ kಗೆ, k ಇಂದ jಗೆ ಜೋಡಿ ಇದ್ದರೆ (i,j) ಸೇರಿಸು, ಅಷ್ಟೇ. ನಾನು ಸುಮ್ನೆ ಅಭ್ಯಾಸಬಲದಿಂದ kಯನ್ನು ಒಳಗಿನ ಲೂಪ್ ಮಾಡಿದ್ದೆ. 1–4, 4–3, 3–2 ಅಂತ ಸರಪಳಿ ಕೊಟ್ಟು ನೋಡಿ: (1,2) ಸರದಿ ಬಂದಾಗ (1,3) ಆಗಲಿ (4,2) ಆಗಲಿ ಇನ್ನೂ ಹುಟ್ಟೇ ಇರುವುದಿಲ್ಲ. ಅವು ಹುಟ್ಟುವಾಗ (1,2) ಸರದಿ ಮುಗಿದಿರುತ್ತದೆ. k ಹೊರಗಿನ ಲೂಪೇ ಆಗಬೇಕು.

ರಿಫ್ಲೆಕ್ಸಿವ್ ಸುಲಭ, ಯಾವಾಗ ಮಾಡಿದರೂ ನಡೆಯುತ್ತದೆ. ಆದರೆ ಅದಕ್ಕೆ ಪೂರ್ತಿ ಗಣ ಗೊತ್ತಿರಬೇಕು. ನಾನು ಜೋಡಿಗಳಲ್ಲಿ ಕಂಡ ಸಂಖ್ಯೆಗಳನ್ನಷ್ಟೇ ತೆಗೆದುಕೊಂಡಿದ್ದೆ. ಯಾವ ಜೋಡಿಯಲ್ಲೂ ಇಲ್ಲದ ಒಂಟಿ ದಾಖಲೆಗಳೆಲ್ಲ ಮಾಯ.

(ಎಲ್ಲ ಗುಣಕ್ಕೂ ಕ್ಲೋಷರ್ ಇರುತ್ತದೆ ಅಂತ ತಿಳಿಯಬೇಡಿ. ಆಂಟಿಸಿಮ್ಮೆಟ್ರಿಕ್ ಅಂದರೆ ಬೇರೆ ಬೇರೆ ಎರಡರ ನಡುವೆ ಎರಡೂ ದಿಕ್ಕಿನ ಜೋಡಿ ಇರಬಾರದು. (1,2), (2,1) ಎರಡೂ ಇರುವ ರಿಲೇಷನ್ನಿಗೆ ಏನು ಸೇರಿಸಿದರೂ ಆಂಟಿಸಿಮ್ಮೆಟ್ರಿಕ್ ಆಗುವುದಿಲ್ಲ.)

ಎಲ್ಲ ಸರಿಯಾದ ಮೇಲೆ ಒಂದು ಗುಂಪು ವಿಪರೀತ ಊದಿಕೊಂಡಿತು. ಒಂದೇ ಒಂದು ತಪ್ಪು ಜೋಡಿ ಎರಡು ಗುಂಪುಗಳನ್ನು ಅಂಟಿಸಿಬಿಟ್ಟಿತ್ತು. ಕ್ಲೋಷರ್ ಆದ ಮೇಲೆ ಆ ಜೋಡಿಯೊಂದನ್ನು ಕಿತ್ತರೆ ಸಾಲದು. ಅದರಿಂದ ಹುಟ್ಟಿದವು ಯಾವುವು ಅಂತ ಗುರುತು ಉಳಿದಿರುವುದಿಲ್ಲ. ಪುಣ್ಯಕ್ಕೆ ಮೂಲ ಜೋಡಿಗಳ ಫೈಲ್ ಅಳಿಸಿರಲಿಲ್ಲ. ಅದರಲ್ಲಿ ಆ ಸಾಲು ತೆಗೆದು, ಮೊದಲಿಂದ ಇನ್ನೊಮ್ಮೆ ಓಡಿಸಿದೆ.