ಎಡಗಾಲು ಹೇಳಿದ ಅರ್ಧ ಲೆಕ್ಕ: ಪೆಡಲ್ ಪವರ್ ಮೀಟರ್ ಆರಿಸಿದ ನನ್ನ ಅನುಭವ

ಸೈಕಲ್ಲನ್ನು ಟ್ರೇನರ್‌ಗೆ, ಅಂದರೆ ನಿಂತಲ್ಲೇ ತುಳಿಯಲು ಬಿಡುವ ಯಂತ್ರಕ್ಕೆ, ಕೂರಿಸಿ ಆರಾಮಾಗಿ ತುಳಿಯುತ್ತಿದ್ದೆ. ಎದುರಿಗೆ ಎರಡು ಪರದೆ. ಒಂದರಲ್ಲಿ ಪೆಡಲ್ ಒಳಗಿನ ಪವರ್ ಮೀಟರ್ (ತುಳಿಯುವ ಶಕ್ತಿ ಅಳೆಯುವ ಸಾಧನ) ಹೇಳುವ ವ್ಯಾಟ್, ಇನ್ನೊಂದರಲ್ಲಿ ಟ್ರೇನರ್ ಹೇಳುವ ವ್ಯಾಟ್. ಪೆಡಲ್ 180 ಅನ್ನುತ್ತಿತ್ತು, ಟ್ರೇನರ್ 191. ಎರಡು ಯಂತ್ರ ಅಂದಮೇಲೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ ಅಂತ ಮೊದಲು ಸುಮ್ಮನಾದೆ. ಹತ್ತು ನಿಮಿಷ ಕಳೆದ ಮೇಲೆ ಹೊಳೆಯಿತು, ಇದು ಉಲ್ಟಾ ಇದೆ. ನಾವು ಕಾಲಿನಿಂದ ಕೊಟ್ಟ ಶಕ್ತಿಯಲ್ಲಿ ಶೇಕಡಾ 2–3ರಷ್ಟು ಚೈನು, ಗೇರುಗಳಲ್ಲೇ ಕಳೆದುಹೋಗುತ್ತದೆ. ಪೆಡಲ್ ಅಳೆಯುವುದು ಆ ನಷ್ಟಕ್ಕೆ ಮೊದಲು, ನನ್ನ ಟ್ರೇನರ್ ಅಳೆಯುವುದು ಅದಾದ ಮೇಲೆ. ಅಂದರೆ ಪೆಡಲ್ ತೋರಿಸುವ ಸಂಖ್ಯೆ ಒಂದು ಕೈ ಜಾಸ್ತಿಯೇ ಇರಬೇಕು. ನನ್ನದು ಹನ್ನೊಂದು ಕಡಿಮೆ ಇತ್ತು.

ಆಗ ನನ್ನ ಹತ್ತಿರ ಇದ್ದದ್ದು ಎಡಗಡೆ ಮಾತ್ರ ಅಳೆಯುವ ಪೆಡಲ್. ಬಲಗಡೆಯದ್ದು ಬರೀ ಪೆಡಲ್, ಒಳಗೆ ಏನೂ ಇಲ್ಲ. ಇಂಥ ಮೀಟರ್ ಎಡಗಾಲಿನ ಶಕ್ತಿಯನ್ನು ಅಳೆದು ಎರಡರಿಂದ ಗುಣಿಸಿ ತೋರಿಸುತ್ತದೆ. ಎರಡೂ ಕಾಲು ಸಮ ಇದ್ದವರಿಗೆ ತೊಂದರೆ ಇಲ್ಲ. ನನ್ನ ಕಾಲುಗಳು ಸಮ ಇಲ್ಲ ಅನ್ನುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಪವರ್ ಮೀಟರ್ ಯಾಕೆ ಬೇಕಾಯಿತು ಅಂತ ಮೊದಲು ಹೇಳಿಬಿಡುತ್ತೇನೆ. ಅದಕ್ಕೂ ಮೊದಲು ಎದೆಬಡಿತ ನೋಡಿಕೊಂಡು ತರಬೇತಿ ಮಾಡುತ್ತಿದ್ದೆ. ಎದೆಬಡಿತ ಹಿಂದಿನಿಂದ ಬರುತ್ತದೆ. ಒಂದು ನಿಮಿಷದ ಜೋರು ತುಳಿತ ಮುಗಿಯುವ ಹೊತ್ತಿಗೆ ಅದು ಇನ್ನೂ ಮೇಲೆ ಏರುತ್ತಾ ಇರುತ್ತದೆ. ಬಿಸಿಲು, ನಿದ್ದೆ, ನೀರು ಎಲ್ಲವೂ ಅದರ ಮೇಲೆ ಕೈ ಆಡಿಸುತ್ತವೆ. ವ್ಯಾಟ್ ಹಾಗಲ್ಲ, ಈ ಕ್ಷಣ ಎಷ್ಟು ತುಳಿದೆ ಅನ್ನುವುದನ್ನು ಈ ಕ್ಷಣವೇ ಹೇಳುತ್ತದೆ.

ಕ್ರ್ಯಾಂಕ್ (ಪೆಡಲ್ ಸಿಕ್ಕಿಸುವ ತೋಳು), ಸ್ಪೈಡರ್ (ಕ್ರ್ಯಾಂಕನ್ನು ಮುಂದಿನ ಹಲ್ಲುಚಕ್ರಕ್ಕೆ ಜೋಡಿಸುವ ಭಾಗ), ಹಿಂದಿನ ಚಕ್ರದ ಹಬ್, ಹೀಗೆ ಬೇರೆ ಜಾಗಗಳಲ್ಲೂ ಪವರ್ ಮೀಟರ್ ಕೂರುತ್ತದೆ. ಜರ್ಮನಿಯ ಎಸ್‌ಆರ್‌ಎಂ 1980ರ ದಶಕದಲ್ಲಿ ಶುರು ಮಾಡಿದ್ದೇ ಕ್ರ್ಯಾಂಕ್ ಕಡೆಯಿಂದ. ನಾನು ಪೆಡಲ್ ಆರಿಸಿದ್ದಕ್ಕೆ ಕಾರಣ ಒಂದೇ, ನನ್ನ ಬಳಿ ಎರಡು ಸೈಕಲ್ ಇವೆ. ಬಾಟಮ್ ಬ್ರ್ಯಾಕೆಟ್ (ಕ್ರ್ಯಾಂಕ್ ತಿರುಗುವ ಬೇರಿಂಗ್) ಹೊಂದುತ್ತದಾ, ಫ್ರೇಮಿಗೆ ತಗುಲುತ್ತದಾ ಎಂಬ ತಲೆನೋವಿಲ್ಲದೆ ಐದು ನಿಮಿಷದಲ್ಲಿ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು. ಒಂದೇ ಸೈಕಲ್ ಇದ್ದು, ಅದನ್ನು ಬದಲಿಸುವ ಯೋಚನೆಯೂ ಇಲ್ಲದವರಿಗೆ ಕ್ರ್ಯಾಂಕ್ ಮೀಟರೇ ಒಳ್ಳೆಯದು ಅಂತ ನನಗೆ ಈಗಲೂ ಅನ್ನಿಸುತ್ತದೆ. ಪೆಡಲ್ ನೆಲಕ್ಕೆ ಹತ್ತಿರ. ಸೈಕಲ್ ಬಿದ್ದರೆ ಮೊದಲು ಪೆಟ್ಟು ತಿನ್ನುವುದು ಅದೇ.

ಮತ್ತೆ ಟ್ರೇನರ್ ಕಥೆಗೆ ಬರುತ್ತೇನೆ. ಗೆಳೆಯರೊಬ್ಬರಿಂದ ಎರಡೂ ಕಡೆ ಅಳೆಯುವ ಪೆಡಲ್ ಒಂದು ವಾರಕ್ಕೆ ತಂದೆ. ನಿಧಾನಕ್ಕೆ ತುಳಿಯುವಾಗ ನನ್ನ ಎಡಗಾಲಿನ ಪಾಲು 46, ಬಲಗಾಲಿನದು 54. ಉಸಿರು ಕಟ್ಟುವ ಹಾಗೆ ತುಳಿದಾಗ 49–51. ಹಿಂದೊಮ್ಮೆ ಎಡ ಪಾದದ ಹತ್ತಿರ ಮೂಳೆ ಬಿರುಕು ಬಿಟ್ಟು ತಿಂಗಳುಗಟ್ಟಲೆ ಕಟ್ಟು ಹಾಕಿಸಿಕೊಂಡಿದ್ದೆ. ವಾಸಿಯಾಯಿತು ಅಂದುಕೊಂಡಿದ್ದ ಕಾಲು ಅಷ್ಟು ವರ್ಷದಿಂದ ಕೆಲಸವನ್ನು ಇನ್ನೊಂದರ ಮೇಲೆ ಹಾಕುತ್ತಿತ್ತು.

ಇದರ ಪರಿಣಾಮ ಏನಾಯಿತು ನೋಡಿ. ಒಂದು ಗಂಟೆ ಹತ್ತಿರ ತಡೆದುಕೊಳ್ಳಬಲ್ಲ ಶಕ್ತಿಗೆ ಎಫ್‌ಟಿಪಿ ಅನ್ನುತ್ತೇವೆ. ಸಾಮಾನ್ಯವಾಗಿ 20 ನಿಮಿಷ ಪೂರ್ತಿ ಜೋರಾಗಿ ತುಳಿದು, ಆ ಸರಾಸರಿಯ ಶೇಕಡಾ 95 ತೆಗೆದುಕೊಳ್ಳುತ್ತೇವೆ. ನನ್ನ ನಿಜವಾದ ಎಫ್‌ಟಿಪಿ 250 ಇದ್ದರೆ, ಆ ಜೋರಿನಲ್ಲಿ ಎಡದ ಪಾಲು 49 ಆದ್ದರಿಂದ ಮೀಟರ್ 245 ತೋರಿಸಿತ್ತು. ಅಷ್ಟೇನೂ ತಪ್ಪಿಲ್ಲ. ತುಳಿತದ ಜೋರನ್ನು ಎಫ್‌ಟಿಪಿಯ ಲೆಕ್ಕದಲ್ಲಿ ವಲಯಗಳಾಗಿ ಹಂಚುತ್ತೇವೆ. ಎರಡನೇ ವಲಯದ ಆರಾಮ ಸವಾರಿ ಅಂದರೆ ಎಫ್‌ಟಿಪಿಯ ಶೇಕಡಾ 56ರಿಂದ 75. ಆ ಲೆಕ್ಕದಲ್ಲಿ ನನ್ನ ಮೇಲಿನ ಗಡಿ 184. ನಾನು ಮೀಟರ್ ನೋಡಿಕೊಂಡು 180ರಲ್ಲಿ ಸಾಗುತ್ತಿದ್ದೆ. ಆದರೆ ಆ ವೇಗದಲ್ಲಿ ಎಡದ ಪಾಲು 46. ಎಡಗಾಲು ಕೊಟ್ಟದ್ದು 90, ಒಟ್ಟು ನಿಜಕ್ಕೂ 196. ಅದು 250ರ ಶೇಕಡಾ 78, ಅಂದರೆ ಮೂರನೇ ವಲಯ. ವಾರದ ನಾಲ್ಕು ಆರಾಮ ಸವಾರಿಗಳಲ್ಲಿ ಒಂದೂ ಆರಾಮ ಆಗಿರಲಿಲ್ಲ. ಜೋರು ತರಬೇತಿಯ ದಿನ ಕಾಲು ಯಾಕೆ ಭಾರ ಅಂತ ತಿಂಗಳುಗಟ್ಟಲೆ ಕೊರಗಿದ್ದಕ್ಕೆ ಉತ್ತರ ಅಲ್ಲಿತ್ತು.

"ಒಂದೇ ಕಡೆಯದ್ದಾದರೂ ಪರವಾಗಿಲ್ಲ, ತಪ್ಪು ಯಾವಾಗಲೂ ಒಂದೇ ಥರ ಇದ್ದರೆ ಸಾಕು" ಅಂತ ತುಂಬಾ ಜನ ಹೇಳುತ್ತಾರೆ. ಮಾತು ಸರಿ, ಆದರೆ ತಪ್ಪು ಒಂದೇ ಥರ ಇರಬೇಕಲ್ವಾ? ಎಡ-ಬಲದ ಪಾಲು ವೇಗಕ್ಕೆ ತಕ್ಕಂತೆ ಬದಲಾಗುತ್ತದೆ, ದಣಿವಿಗೆ ತಕ್ಕಂತೆಯೂ ಬದಲಾಗುತ್ತದೆ. ಹಾಗಾಗಿ ಹಳೆಯ ಗಾಯ ಇದ್ದವರು, ಒಂದು ಮಂಡಿ ಮಾತ್ರ ನೋಯುವವರು ಎರಡೂ ಕಡೆಯದ್ದನ್ನೇ ನೋಡಿ. ಉಳಿದವರು ಕೊಳ್ಳುವ ಮೊದಲು ಒಂದು ವಾರ ಯಾರದ್ದಾದರೂ ಕೇಳಿ ತಂದು ತಮ್ಮ ಪಾಲು ಎಷ್ಟು ಅಂತ ತಿಳಿದುಕೊಳ್ಳುವುದು ಒಳ್ಳೆಯದು. ಕೆಲವು ಮಾದರಿಗಳಲ್ಲಿ ಮೊದಲು ಎಡಗಡೆಯದ್ದು ಕೊಂಡು, ಆಮೇಲೆ ಬಲಗಡೆಯದ್ದನ್ನಷ್ಟೇ ಸೇರಿಸಿಕೊಳ್ಳುವ ದಾರಿಯೂ ಇದೆ.

ಇನ್ನೊಂದು ಮಾತು. ಸ್ಪೈಡರ್‌ನಲ್ಲಿ ಕೂರುವ ಮೀಟರ್‌ಗಳೂ ಎಡ-ಬಲ ತೋರಿಸುತ್ತವೆ, ಆದರೆ ಅದು ಅಂದಾಜು. ಬಲಗಾಲು ಕೆಳಗೆ ಒತ್ತಿದ್ದು ಯಾವುದು, ಎಡಗಾಲು ಮೇಲಕ್ಕೆ ಎಳೆದದ್ದು ಯಾವುದು ಅಂತ ಸ್ಪೈಡರ್‌ಗೆ ಗೊತ್ತಾಗುವುದಿಲ್ಲ. ಎರಡೂ ಪೆಡಲ್‌ನಲ್ಲಿ ಅಥವಾ ಎರಡೂ ಕ್ರ್ಯಾಂಕ್ ತೋಳಿನಲ್ಲಿ ಸ್ಟ್ರೇನ್ ಗೇಜ್ (ಬಲ ಬಿದ್ದಾಗ ಲೋಹ ಬಾಗುವುದನ್ನು ಅಳೆಯುವ ಸೆನ್ಸರ್) ಇದ್ದರೆ ಮಾತ್ರ ಆಯಾ ಕಾಲಿನ ಲೆಕ್ಕ ಬೇರೆ ಬೇರೆ ಸಿಗುತ್ತದೆ.

ಮಾದರಿ ಆರಿಸುವಾಗ ನಾನು ಮೊದಲು ನೋಡಿದ್ದು ಶೂ ಕೆಳಗಿನ ಕ್ಲೀಟ್, ಅಂದರೆ ಶೂವನ್ನು ಪೆಡಲ್‌ಗೆ ಸಿಕ್ಕಿಸುವ ತುಂಡು. ನಿಖರತೆಯ ಅಂಕಿಯನ್ನು ನೋಡುತ್ತಾ ಕೂರಬೇಡಿ. ಫವೆರೊ ಅಸಿಯೋಮಾ, ಗಾರ್ಮಿನ್ ರ‍್ಯಾಲಿ, ವಾಹೂ ಪವರ್‌ಲಿಂಕ್ ಝೀರೋ, ಎಲ್ಲದರ ಡಬ್ಬಿಯ ಮೇಲೂ ಇರುವುದು ಅದೇ ಪ್ಲಸ್-ಮೈನಸ್ ಶೇಕಡಾ 1. ಕ್ಲೀಟ್ ವಿಷಯ ಬೇರೆ. ವರ್ಷಗಟ್ಟಲೆ ಒಂದು ಕ್ಲೀಟಿಗೆ ಹೊಂದಿಕೊಂಡ ಮಂಡಿಯನ್ನು ಮೀಟರ್ ಆಸೆಗೆ ಬದಲಿಸಬಾರದು. ಲುಕ್ ಕಂಪನಿಯ ಕಿಯೋ ಕೆಂಪು ಕ್ಲೀಟ್ ಪಾದವನ್ನು 9 ಡಿಗ್ರಿ ಅಲುಗಾಡಲು ಬಿಡುತ್ತದೆ, ಬೂದು 4.5, ಕಪ್ಪು ಅಲುಗಾಡಲು ಬಿಡುವುದೇ ಇಲ್ಲ. ಶಿಮಾನೊದಲ್ಲಿ ಹಳದಿ 6, ನೀಲಿ 2, ಕೆಂಪು ಸೊನ್ನೆ. ಒಂದರಲ್ಲಿ ಕೆಂಪು ಅಂದರೆ ಹೆಚ್ಚು ಸಡಿಲ, ಇನ್ನೊಂದರಲ್ಲಿ ಕೆಂಪು ಅಂದರೆ ಪೂರ್ತಿ ಬಿಗಿ. ಇದನ್ನು ನೋಡದೆ ಬದಲಿಸಿ ಮಂಡಿ ನೋಯಿಸಿಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪಾದ ಕ್ರ್ಯಾಂಕಿನಿಂದ ಎಷ್ಟು ದೂರ ಕೂರುತ್ತದೆ ಅನ್ನುವುದೂ ಮುಖ್ಯ. ಸಾಮಾನ್ಯ ರೋಡ್ ಪೆಡಲ್‌ನಲ್ಲಿ ಅದು 52–54 ಮಿ.ಮೀ. ಶಿಮಾನೊ ಪೆಡಲ್‌ನ ಹೊರಭಾಗ ಹಾಕಿಕೊಳ್ಳಬಹುದಾದ ಅಸಿಯೋಮಾ ಡ್ಯುಯೊ-ಶಿಯಲ್ಲಿ 65. ಅಂದರೆ ಪ್ರತಿ ಪಾದವೂ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಹೊರಗೆ. ಸೊಂಟ ಅಗಲ ಇರುವವರಿಗೆ ಹಿತವಾಗಬಹುದು. ನನಗೆ ಬೇಡ ಅನ್ನಿಸಿತು. ನನ್ನ ಶೂಗಳಲ್ಲಿ ಮೊದಲಿನಿಂದಲೂ ಇದ್ದದ್ದು ಲುಕ್ ಕಿಯೋ ಥರದ್ದು. ಹಾಗಾಗಿ ಅದೇ ಕ್ಲೀಟ್ ಹಿಡಿಯುವ ಅಸಿಯೋಮಾ ಡ್ಯುಯೊ ತೆಗೆದುಕೊಂಡೆ. ಶಿಮಾನೊ ಕ್ಲೀಟ್ ಇದ್ದಿದ್ದರೆ ರ‍್ಯಾಲಿಯ ಆರ್‌ಎಸ್ ಮಾದರಿಯನ್ನೇ ತೆಗೆದುಕೊಳ್ಳುತ್ತಿದ್ದೆ.

ಬ್ಯಾಟರಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನ್ನದನ್ನು ಒಮ್ಮೆ ಚಾರ್ಜ್ ಮಾಡಿದರೆ 50 ಗಂಟೆ ಬರುತ್ತದೆ. 2021ರಲ್ಲಿ ಬಂದ ರ‍್ಯಾಲಿಯದ್ದು ಗುಂಡಿ ಬ್ಯಾಟರಿ, 120 ಗಂಟೆ ಅನ್ನುತ್ತಾರೆ. ಎರಡೂ ಸಾಕು.

ಹಾಕುವಾಗ ಗಮನ ಇಡಬೇಕಾದ ವಿಷಯಗಳಿವೆ. ಎಡ ಪೆಡಲಿನ ತ್ರೆಡ್ ಉಲ್ಟಾ. ತ್ರೆಡ್‌ಗೆ ಗ್ರೀಸ್ ಹಚ್ಚಿ, ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ. ನನ್ನ ಪೆಡಲಿನ ಎಲೆಕ್ಟ್ರಾನಿಕ್ಸ್ ಕ್ರ್ಯಾಂಕ್ ಪಕ್ಕದ ದುಂಡು ಭಾಗದಲ್ಲಿದೆ. ದಪ್ಪ ಕಾರ್ಬನ್ ಕ್ರ್ಯಾಂಕಿಗೆ ಅದು ತಗುಲಿದರೆ ನಡುವೆ ವಾಷರ್ ಹಾಕಲೇಬೇಕು. ನಾನು ಒಂದು ತೆಳು ಕಾಗದ ತೂರಿಸಿ, ಪೆಡಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿದೆ. ಕಾಗದ ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ವಾಷರ್ ಬೇಕಾಗಲಿಲ್ಲ. ಮೊದಲ ಸವಾರಿಯಲ್ಲಿ ನಾಲ್ಕೈದು ಸಲ ಎದ್ದು ನಿಂತು ಜೋರಾಗಿ ತುಳಿದು, ಪೆಡಲ್ ಚೆನ್ನಾಗಿ ಕೂತ ಮೇಲೆ ಮತ್ತೆ ಸೊನ್ನೆ ಹೊಂದಿಸಿದೆ, ಅಂದರೆ ಬಲ ಬೀಳದಾಗ ಮೀಟರ್ ಸೊನ್ನೆ ಅನ್ನುವ ಹಾಗೆ ಮಾಡಿದೆ. ಸೊನ್ನೆ ಹೊಂದಿಸುವಾಗ ಕಾಲು ಪೆಡಲ್ ಮೇಲಿರಬಾರದು. ಮನೆಯ ಬೆಚ್ಚಗಿನ ಕೋಣೆಯಿಂದ ಚಳಿಗೆ ತೆಗೆದುಕೊಂಡು ಹೋದರೆ, ಲೋಹ ಹೊರಗಿನ ಹವೆಗೆ ಬರಲು ಹತ್ತು-ಹದಿನೈದು ನಿಮಿಷ ಬಿಟ್ಟು ಆಮೇಲೆ ಹೊಂದಿಸಿ.

ದೊಡ್ಡ ತಪ್ಪು ಮಾಡಿದ್ದು ಕ್ರ್ಯಾಂಕ್ ಉದ್ದದಲ್ಲಿ. ಪೆಡಲ್ ಅಳೆಯುವುದು ಕಾಲು ಒತ್ತುವ ಬಲವನ್ನು. ಅದನ್ನು ಕ್ರ್ಯಾಂಕ್ ಉದ್ದದಿಂದ ಗುಣಿಸಿದರೇ ತಿರುಚುಬಲ ಸಿಗುವುದು. ನನ್ನ ಮೊದಲ ಸೈಕಲ್‌ದು 172.5 ಮಿ.ಮೀ., ಎರಡನೆಯದ್ದು 165. ಪೆಡಲ್ ಬದಲಿಸಿದೆ, ಆ್ಯಪ್‌ನಲ್ಲಿ ಉದ್ದ ಬದಲಿಸಲಿಲ್ಲ. ಎರಡು ವಾರ ಎಲ್ಲ ಸಂಖ್ಯೆಗಳೂ ಶೇಕಡಾ 4.5 ಜಾಸ್ತಿ ಬಂದವು. 200 ತುಳಿದರೆ 209. ಈಗ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಎರಡೂ ಸೈಕಲ್ಲಿನ ಅಳತೆ ಬರೆದು ಅಂಟಿಸಿದ್ದೇನೆ. ಅಲೆನ್ ಕೀ ತೆಗೆಯುವಾಗ ಕಣ್ಣಿಗೆ ಬೀಳುತ್ತದೆ.

ಟ್ರೇನರ್ ಇಲ್ಲದವರು ಏರಿನಲ್ಲಿ ಪರೀಕ್ಷೆ ಮಾಡಬಹುದು. ನಾನು, ಸೈಕಲ್, ನೀರಿನ ಬಾಟಲಿ ಸೇರಿ 78 ಕಿಲೋ. ಶೇಕಡಾ 6ರ ಏರಿನಲ್ಲಿ 5 ಕಿ.ಮೀ. ಹೋದರೆ 300 ಮೀಟರ್ ಮೇಲೆ. ಅದನ್ನು 20 ನಿಮಿಷದಲ್ಲಿ ಹತ್ತಿದರೆ, ಆ ತೂಕವನ್ನು ಎತ್ತುವುದಕ್ಕೇ ಸರಾಸರಿ 191 ವ್ಯಾಟ್ ಬೇಕು. ಟೈರ್ ಎಳೆತ, ಗಾಳಿ, ಚೈನಿನ ನಷ್ಟ ಸೇರಿಸಿದರೆ 220–230ರ ಹತ್ತಿರ. ಗಾಳಿ ಇಲ್ಲದ ದಿನ ನಿಮ್ಮ ಮೀಟರ್ ಅಲ್ಲಿ 200 ತೋರಿಸಿದರೆ ಏನೋ ತಪ್ಪಿದೆ ಅಂತಲೇ ಅರ್ಥ. ಹೊಸ ಪೆಡಲ್ ಹಾಕಿ ನಾನು ಹತ್ತಿದಾಗ 226 ಬಂತು. ಟ್ರೇನರ್ ಮೇಲೂ ಈಗ ಪೆಡಲ್ ನಾಲ್ಕೈದು ವ್ಯಾಟ್ ಜಾಸ್ತಿ ತೋರಿಸುತ್ತದೆ, ತೋರಿಸಬೇಕಾದ ಹಾಗೆಯೇ.

ಎಡಗಾಲಿಗೆ ಈಗ ವಾರಕ್ಕೆ ಎರಡು ದಿನ ಬೇರೆ ವ್ಯಾಯಾಮ ಮಾಡುತ್ತಿದ್ದೇನೆ. ಒಂಟಿ ಕಾಲಲ್ಲಿ ಮೆಟ್ಟಿಲು ಹತ್ತಿ ಇಳಿಯುವುದು, ಹಿಮ್ಮಡಿ ಎತ್ತುವುದು. ಮೊದಲೆಲ್ಲ ಎರಡು ಗಂಟೆ ದಾಟಿದರೆ ಎಡದ ಪಾಲು 45ಕ್ಕೆ ಜಾರುತ್ತಿತ್ತು. ಮೊನ್ನೆ ಮೂರು ಗಂಟೆಯ ಸವಾರಿಯ ಕೊನೆಯಲ್ಲೂ 48ರಲ್ಲಿ ನಿಂತಿತ್ತು. ಮುಂದಿನ ತಿಂಗಳು ನಾಲ್ಕು ಗಂಟೆ ಹೋಗಿ ನೋಡಬೇಕು.